ಜಾಲತಾಣದ ಜಮಾಖರ್ಚು

ಸಂಘದ ಹಳೆಯ ಸಂಚಿಕೆಗಳನ್ನೂ ನಾಡಹಬ್ಬದ ಛಾಯಾಚಿತ್ರಗಳನ್ನೂ ಜಾಲತಾಣದಲ್ಲಿ ಇರಿಸಬೇಕೆಂಬ ಮಾತು ಹೊರನಾಡಿನ ಕನ್ನಡ ಸಂಘಗಳಲ್ಲಿ ಆಗಾಗ ಏಳುತ್ತದೆ. ಊರು ಬಿಟ್ಟು ಬಂದ ನಮಗೆ ಇದು ಬರಿಯ ಷೋಕಿಯಲ್ಲ. ಮುಂಬಯಿಯಲ್ಲಿ ಅಜ್ಜ ಬರೆದದ್ದನ್ನು ದೆಹಲಿಯ ಮೊಮ್ಮಗಳು ಓದುವ ಹಾದಿ. ಕೂಡಲೇ ಖಜಾಂಚಿಗಳು ಕೇಳುತ್ತಾರೆ: "ಖರ್ಚೆಷ್ಟು?" ಅದು ಕೇಳಬೇಕಾದ ಪ್ರಶ್ನೆಯೇ.

ಈ ಖರ್ಚಿಗೆ ಮುಖ್ಯವಾಗಿ ಎರಡು ಬಾಬು. ಮೊದಲನೆಯದು ಸರ್ವರಿನ ಬಾಡಿಗೆ. ಸರ್ವರೆಂದರೆ ಕಚೇರಿಯ ರಿಕಾರ್ಡು ಕೋಣೆಯಿದ್ದಂತೆ. ಆದರೆ ಇದಕ್ಕೆ ಭಾನುವಾರವಿಲ್ಲ. ಹಗಲಿರುಳೂ ವಿದ್ಯುತ್ತು ಬೇಕು, ಬಿಸಿಯೇರದಂತೆ ತಂಪು ಬೇಕು, ನೋಡಿಕೊಳ್ಳುವವರು ಬೇಕು. ಸಣ್ಣ ತಾಣಗಳು ಇಡೀ ಯಂತ್ರವನ್ನು ಕೊಳ್ಳುವುದಿಲ್ಲ. ಚಾಳಿನಲ್ಲಿ ಖೋಲಿ ಹಿಡಿದಂತೆ ಹಲವರೊಡನೆ ಹಂಚಿಕೊಂಡಿರುತ್ತವೆ.

ಎರಡನೆಯದು ಸಾಗಣೆ. ಬ್ಯಾಂಡ್‌ವಿಡ್ತ್ ಎಂದರೆ ನಿಜವಾಗಿ ದಾರಿಯ ಅಗಲ; ಆದರೆ ಬಾಡಿಗೆಯ ಕರಾರುಗಳಲ್ಲಿ, ತಿಂಗಳಿಗೆ ಎಷ್ಟು ಸರಕು ಹೊರಗೆ ಹೋಯಿತೆಂಬ ಲೆಕ್ಕಕ್ಕೂ ಅನೇಕರು ಇದೇ ಹೆಸರಿಡುತ್ತಾರೆ. ಅಂಚೆವೆಚ್ಚದಂತೆ, ಓದುಗರು ಹೆಚ್ಚಿದಷ್ಟೂ ಈ ಲೆಕ್ಕ ಬೆಳೆಯುತ್ತದೆ.

ಇಲ್ಲೊಂದು ಸೋಜಿಗವುಂಟು. ಯೂನಿಕೋಡಿನ ಯುಟಿಎಫ್-8 ಪದ್ಧತಿಯಲ್ಲಿ ಇಂಗ್ಲಿಷಿನ ಅಕ್ಷರಕ್ಕೆ 1 ಬೈಟು ಸಾಕು. ಕನ್ನಡದ ಪ್ರತಿ ಸಂಕೇತಕ್ಕೂ 3 ಬೇಕು. 'ಕಿ' ಎಂದು ಬರೆದರೆ ಕಕಾರಕ್ಕೆ 3, ಗುಡಿಸಿಗೆ 3, ಒಟ್ಟು 6. ಹಾಗೆಂದು ಕನ್ನಡ ದುಬಾರಿಯೆಂದು ಅಂಜಬೇಕಾಗಿಲ್ಲ. 2,000 ಸಂಕೇತಗಳ ಒಂದು ಪುಟ 6 ಕಿಲೋಬೈಟು. 50 ಪುಟಗಳ ಸಂಚಿಕೆ 300 ಕಿಲೋಬೈಟು. ಅದೇ ಪುಟಗಳ ಚಿತ್ರ ತೆಗೆದು, ಪುಟಕ್ಕೆ 1 ಮೆಗಾಬೈಟಿನಂತೆ ಇರಿಸಿದರೆ 50 ಮೆಗಾಬೈಟು. 1,000 ಮಂದಿ ತರಿಸಿಕೊಂಡರೆ ಮೊದಲನೆಯದರ ಸಾಗಣೆ 300 ಮೆಗಾಬೈಟು, ಎರಡನೆಯದರದು 50 ಗಿಗಾಬೈಟು! ಆದ್ದರಿಂದ ಬರಹವನ್ನು ಬೆರಳಚ್ಚು ಮಾಡಿಸುವುದೂ ಚಿತ್ರಗಳನ್ನು ಕುಗ್ಗಿಸುವುದೂ ಉಳಿತಾಯದ ಮೊದಲ ಪಾಠ.

ಪುಕ್ಕಟೆ ಜಾಗ ಸಿಗುವಾಗ ಬಾಡಿಗೆಯೇಕೆ ಎಂದು ಕೆಲವರು ಕೇಳಬಹುದು. ಬಿಟ್ಟಿ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಎಂಬ ಗಾದೆ ಇದ್ದೇ ಇದೆ. ಆದರೆ ಅಮೆರಿಕದ ಜಿಯೋಸಿಟೀಸ್ ಕಥೆಯನ್ನು ನೆನೆಯಿರಿ. 1990ರ ದಶಕದಲ್ಲಿ ಅದು ಕೊಟ್ಟ ಪುಕ್ಕಟೆ ಜಾಗದಲ್ಲಿ ಲಕ್ಷಗಟ್ಟಲೆ ಜನ ಪುಟಗಳನ್ನು ಕಟ್ಟಿದರು. 1999ರಲ್ಲಿ ಯಾಹೂ ಕಂಪನಿ ಅದನ್ನು ಕೊಂಡಿತು. 2009ರ ಅಕ್ಟೋಬರಿನಲ್ಲಿ ಅಲ್ಲಿನ ಬಾಗಿಲು ಮುಚ್ಚಿತು. ಇಂಟರ್ನೆಟ್ ಆರ್ಕೈವ್ ಮುಂತಾದವರು ಕೈಲಾದಷ್ಟನ್ನು ನಕಲು ಮಾಡಿ ಉಳಿಸಿದರು. ಯಾರ ಬಳಿಯೂ ನಕಲಿಲ್ಲದ ಪುಟಗಳು ಹೋದವು.

ಆದಕಾರಣ ನಮ್ಮ ಸಲಹೆ ಇಷ್ಟೇ. ಸಭಾಗೃಹದ ಬಾಡಿಗೆಯಂತೆ ತಾಣದ ಬಾಡಿಗೆಯೂ ವಾರ್ಷಿಕ ಆಯವ್ಯಯದಲ್ಲಿ ಸೇರಲಿ. ಅದು ಒಬ್ಬ ಉತ್ಸಾಹಿ ತರುಣನ ಜೇಬಿನ ಮೇಲೆ ನಿಲ್ಲದಿರಲಿ. ತಾಣದ ಹೆಸರು ಸಂಘದ ಹೆಸರಿನಲ್ಲೇ ನೋಂದಣಿಯಾಗಲಿ. ಎಲ್ಲದರ ಒಂದು ಪ್ರತಿ ನಮ್ಮ ಕಪಾಟಿನಲ್ಲೂ ಇರಲಿ. ಬಂಧುಗಳು ಮುಂದಿನ ಸರ್ವಸಾಧಾರಣ ಸಭೆಯಲ್ಲಿ ಇದನ್ನು ಆಲೋಚಿಸಬೇಕೆಂದು ನಮ್ಮ ವಿನಂತಿ.