ನೀರಿನಲ್ಲಿ ಕಳೆದ ತೂಕ ಎಲ್ಲಿಗೆ ಹೋಯಿತು?

ಬೋಧನಾಭ್ಯಾಸಕ್ಕೆ ನನ್ನನ್ನು ನರಸಾಪುರದ ಪ್ರೌಢಶಾಲೆಯೊಂದಕ್ಕೆ ಹಾಕಿದ್ದರು. ಒಂಬತ್ತನೇ ತರಗತಿ, ಘಟಕ ಗುರುತ್ವಾಕರ್ಷಣೆ, ಅಂದಿನ ಪಾಠ ಪ್ಲವನತೆ. ಪೀಠಿಕೆಗೆ ನಾನು ಬರೆದುಕೊಂಡಿದ್ದದ್ದು ನಾವೆಲ್ಲ ಬರೆಯುವ ಉದಾಹರಣೆಯೇ: ಬಾವಿಯಲ್ಲಿ ನೀರು ಸೇದುವಾಗ ಕೊಡ ನೀರಿನೊಳಗಿರುವಷ್ಟು ಹೊತ್ತು ಹಗುರ, ಮೇಲೆ ಬಂದೊಡನೆ ಭಾರ. "ಎಲ್ಲರೂ ಬಾವಿಯಲ್ಲಿ ನೀರು ಸೇದಿದ್ದೀರಲ್ಲ?" ಎಂದೆ. ಒಂದು ಕೈಯೂ ಏಳಲಿಲ್ಲ.

ತಪ್ಪು ನನ್ನದೇ. ಕೋಲಾರದ ಕಡೆ ತೆರೆದ ಬಾವಿಗಳು ಬತ್ತಿ ಎಷ್ಟೋ ವರ್ಷಗಳಾದವು. ಈ ಮಕ್ಕಳಿಗೆ ಗೊತ್ತಿರುವುದು ಕೊಳವೆಬಾವಿ, ನಲ್ಲಿ, ಟ್ಯಾಂಕರ್. ಊರ ಕೆರೆ ತುಂಬಿ ನಿಂತದ್ದನ್ನು ಅವರು ಕಂಡದ್ದೂ ಕೆ.ಸಿ. ವ್ಯಾಲಿ ಯೋಜನೆಯಲ್ಲಿ, 2018ರಿಂದೀಚೆಗೆ, ಬೆಂಗಳೂರಿನ ಸಂಸ್ಕರಿಸಿದ ನೀರು ಬರತೊಡಗಿದ ಮೇಲೆ. ಪಾಠಯೋಜನೆ ಬರೆಯುವಾಗ ನಾನು ನನ್ನ ಅಜ್ಜಿಯ ಊರನ್ನು ನೆನೆದಿದ್ದೆ, ಈ ಊರನ್ನಲ್ಲ.

ಕೊನೆಗೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು, "ಕರೆಂಟ್ ಇಲ್ಲದಾಗ ಸಂಪಿಗೆ ಹಗ್ಗ ಕಟ್ಟಿ ಬಕೆಟ್ ಬಿಡ್ತೀವಲ್ಲ ಮೇಡಂ, ಅದೂ ಹಂಗೇ" ಎಂದಳು. ತರಗತಿಗೆ ಜೀವ ಬಂತು. ಆ ಹುಮ್ಮಸ್ಸಿನಲ್ಲಿ ಕಪ್ಪುಹಲಗೆಯ ಮೇಲೆ "ನೀರಿನಲ್ಲಿ ಮುಳುಗಿದ ವಸ್ತುವಿನ ತೂಕ ಕಡಿಮೆಯಾಗುತ್ತದೆ" ಎಂದು ಬರೆದುಬಿಟ್ಟೆ. ಅದೇ ಹುಡುಗಿ ಕೇಳಿದಳು: "ಕಡಿಮೆ ಆದ ತೂಕ ಎಲ್ಲಿಗೆ ಹೋಗುತ್ತೆ ಮೇಡಂ? ನೀರಿನೊಳಗೆ ಗುರುತ್ವ ಕೆಲಸ ಮಾಡಲ್ವಾ?"

"ಅದನ್ನೇ ಪ್ಲವನ ಬಲ ಅನ್ನೋದು" ಎಂದು ಹೇಳಿ ಮುಂದೆ ಸಾಗಿದೆ. ಹೆಸರು ಹೇಳಿದೆನೇ ಹೊರತು ಉತ್ತರ ಹೇಳಲಿಲ್ಲ. ಅವಲೋಕನಕ್ಕೆ ಕೂತಿದ್ದ ನಮ್ಮ ಉಪನ್ಯಾಸಕರು ಪುಸ್ತಕದಲ್ಲಿ ಒಂದೇ ಸಾಲು ಬರೆದಿದ್ದರು: ಮಗುವಿನ ಪ್ರಶ್ನೆ ಬಾಕಿ ಇದೆ.

ಮರುದಿನ ತರಕಾರಿ ಅಂಗಡಿಯಿಂದ ಡಿಜಿಟಲ್ ತಕ್ಕಡಿಯೊಂದನ್ನು ಕಾಡಿ ಬೇಡಿ ತಂದೆ. ಅದರ ಮೇಲೆ ನೀರು ತುಂಬಿದ ಪ್ಲಾಸ್ಟಿಕ್ ಡಬ್ಬಿ ಇಟ್ಟೆ. 1500 ಗ್ರಾಂ ತೋರಿಸಿತು. ಶಾಲೆಯ ಸ್ಪ್ರಿಂಗ್ ತಕ್ಕಡಿಗೆ ದಾರದಲ್ಲಿ ಒಂದು ಗ್ರಾನೈಟ್ ಕಲ್ಲು ಕಟ್ಟಿದೆ, 520 ಗ್ರಾಂ. ಕಲ್ಲು ಪೂರ್ತಿ ಮುಳುಗುವಂತೆ, ಆದರೆ ತಳ ಮುಟ್ಟದಂತೆ ಇಳಿಸಿದಾಗ ಸ್ಪ್ರಿಂಗ್ ತಕ್ಕಡಿ 320ಕ್ಕೆ ಇಳಿಯಿತು. ಸಾಮಾನ್ಯವಾಗಿ ನಮ್ಮ ಪ್ರಯೋಗ ಇಲ್ಲಿಗೆ ಮುಗಿಯುತ್ತದೆ. ಈ ಸಲ ಕೆಳಗಿನ ತಕ್ಕಡಿಯನ್ನೂ ಓದಲು ಹೇಳಿದೆ. ಅದು 1700 ತೋರಿಸುತ್ತಿತ್ತು. ದಾರ ಸಡಿಲಿಸಿ ಕಲ್ಲನ್ನು ತಳದಲ್ಲಿ ಕೂರಿಸಿದೆ: ಮೇಲೆ ಸೊನ್ನೆ, ಕೆಳಗೆ 2020. ಮೂರೂ ಸಲದ ಅಂಕಿಗಳನ್ನು ಹಲಗೆಯ ಮೇಲೆ ಬರೆದೆ, ಏನನ್ನೂ ಹೇಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಒಬ್ಬ ಹುಡುಗ, "ಕೂಡಿದ್ರೆ ಎಲ್ಲಾ 2020 ಬರುತ್ತೆ" ಎಂದು ಕೂಗಿದ. ತೂಕ ಎಲ್ಲಿಗೂ ಹೋಗಿರಲಿಲ್ಲ. ದಾರ ಹೊರುತ್ತಿದ್ದ 200 ಗ್ರಾಂನಷ್ಟು ಭಾರವನ್ನು ನೀರು ಹೊತ್ತು, ಡಬ್ಬಿಯ ಮೂಲಕ ಕೆಳಗಿನ ತಕ್ಕಡಿಗೆ ದಾಟಿಸಿತ್ತು. ನೀರು ಕಲ್ಲನ್ನು ಸುಮಾರು 2 ನ್ಯೂಟನ್ ಬಲದಿಂದ ಮೇಲಕ್ಕೆ ತಳ್ಳಿದರೆ ಕಲ್ಲು ನೀರನ್ನು ಅಷ್ಟೇ ಬಲದಿಂದ ಕೆಳಕ್ಕೆ ತಳ್ಳುತ್ತದೆ. ನ್ಯೂಟನ್ನನ ಮೂರನೇ ನಿಯಮವನ್ನು ಹಿಂದಿನ ಘಟಕದಲ್ಲಿ ಕಲಿಸಿ, ಈ ಘಟಕದಲ್ಲಿ ನಾವೇ ಮರೆತುಬಿಡುತ್ತೇವೆ.

200 ಗ್ರಾಂ ಏಕೆ ಎಂಬುದಕ್ಕೆ ಅಳತೆ ಪಾತ್ರೆ ಸಾಕು: ಕಲ್ಲು ಸ್ಥಳಾಂತರಿಸಿದ ನೀರು 200 ಮಿಲಿಲೀಟರ್. ಆರ್ಕಿಮಿಡೀಸನ ತತ್ತ್ವ ಇದೇ. 520ನ್ನು 200ರಿಂದ ಭಾಗಿಸಿದರೆ 2.6, ಗ್ರಾನೈಟಿನ ಸಾಪೇಕ್ಷ ಸಾಂದ್ರತೆಯೂ ಸಿಕ್ಕಿತು.

ಗ್ರಾಂ ಎಂದು ಓದುವುದು ದ್ರವ್ಯರಾಶಿಯನ್ನು, ತೂಕ ಒಂದು ಬಲ ಎಂಬುದನ್ನೂ ಇಲ್ಲೇ ಬಿಡಿಸಿ ಹೇಳಬೇಕು. ಕೋಲಾರದ ಮಾರುಕಟ್ಟೆಯ 15 ಕೆ.ಜಿ. ಟೊಮೆಟೊ ಬಾಕ್ಸನ್ನು ಭೂಮಿ ಸುಮಾರು 147 ನ್ಯೂಟನ್ ಬಲದಿಂದ ಎಳೆಯುತ್ತದೆ. ಚಂದ್ರನ ಮೇಲೆ ಅದರ ತೂಕ ಆರನೇ ಒಂದು ಪಾಲು, ಟೊಮೆಟೊ ಮಾತ್ರ ಅಷ್ಟೇ.

ಹುಡುಗಿಯ ಎರಡನೇ ಪ್ರಶ್ನೆ ಇನ್ನೂ ಉಳಿದಿತ್ತು. ನೀರಿನೊಳಗೆ ಗುರುತ್ವ ಕೆಲಸ ಮಾಡುವುದಿಲ್ಲ ಎಂದು ಅನೇಕ ಮಕ್ಕಳು ನಂಬಿರುತ್ತಾರೆ. ನಿಜ ಅದಕ್ಕೆ ತಿರುಗುಮುರುಗು: ಗುರುತ್ವ ಇರುವುದರಿಂದಲೇ ಪ್ಲವನ ಬಲ ಇದೆ. ಮೇಲಿನ ನೀರಿನ ಭಾರ ಕೆಳಗಿನ ನೀರನ್ನು ಒತ್ತುವುದರಿಂದ ಆಳ ಹೆಚ್ಚಿದಂತೆ ಒತ್ತಡ ಹೆಚ್ಚುತ್ತದೆ. ಕಲ್ಲಿನ ತಳಕ್ಕೆ ಬೀಳುವ ಒತ್ತಡ ನೆತ್ತಿಗೆ ಬೀಳುವುದಕ್ಕಿಂತ ಜಾಸ್ತಿ. ಆ ವ್ಯತ್ಯಾಸವೇ ಮೇಲ್ಮುಖ ತಳ್ಳು. ಇದನ್ನು ತೋರಿಸಲು ನೀರಿನ ಬಾಟಲಿಯ ತಳದ ಬಳಿ ತೂತು ಮಾಡಿ, ಮುಚ್ಚಳ ತೆಗೆದು, ಮೆಟ್ಟಿಲ ಮೇಲಿನಿಂದ ಕೈಬಿಟ್ಟೆ. ಹಿಡಿದಿದ್ದಾಗ ಚಿಮ್ಮುತ್ತಿದ್ದ ನೀರು ಬೀಳುವಷ್ಟು ಹೊತ್ತು ನಿಂತೇಹೋಯಿತು. ಬಾಟಲಿಯೂ ನೀರೂ ಒಟ್ಟಿಗೆ ಬೀಳುವಾಗ ನೀರು ನೀರನ್ನು ಒತ್ತುವುದಿಲ್ಲ, ಒತ್ತಡವೂ ಇಲ್ಲ. ಮಕ್ಕಳು ಇದನ್ನು ಏಳೆಂಟು ಸಲ ಮಾಡಿಸಿದರು. ಅಂಗಳವೆಲ್ಲ ಕೆಸರಾಯಿತು, ಮುಖ್ಯೋಪಾಧ್ಯಾಯರು ಒಮ್ಮೆ ಇಣುಕಿ ನೋಡಿ ಹೋದರು.

ಈ ಪಾಠ ಮಾಡುವ ಸಹಪಾಠಿಗಳಿಗೆ ಒಂದು ಮಾತು. "ತೂಕದ ನಷ್ಟ" ಎಂಬ ಪದವನ್ನು ಪರೀಕ್ಷೆಗಾಗಿ ಹೇಳಿಕೊಡಬೇಕಾಗಬಹುದು, ಆದರೆ ಅದರಿಂದ ಪಾಠ ಶುರು ಮಾಡಬೇಡಿ. ಎರಡನೆಯ ತಕ್ಕಡಿ ಸಿಗದಿದ್ದರೆ ಪ್ರಯೋಗವನ್ನು ಒಂದು ದಿನ ಮುಂದೂಡಿದರೂ ನಷ್ಟವಿಲ್ಲ.

ನನ್ನ ಹಳೆಯ ವಾಕ್ಯ ಆಗಲೇ ಎಲ್ಲರ ನೋಟ್ ಪುಸ್ತಕಗಳಲ್ಲಿ ಕೂತಿತ್ತು. ಅಳಿಸಬೇಡಿ, ಅದರ ಕೆಳಗೆ ನೀವು ಕಂಡದ್ದನ್ನು ಬರೆಯಿರಿ ಎಂದೆ. ಸಂಪಿನ ಹುಡುಗಿ ಬರೆದದ್ದು: "ಬಕೆಟ್ ತೂಕ ಕಡಿಮೆ ಆಗಲ್ಲ. ನಮ್ಮ ಜೊತೆ ನೀರೂ ಹಿಡಿದುಕೊಂಡಿರುತ್ತೆ." ಬರೆದು ಮುಗಿಸಿ ಅವಳು ಎದ್ದು ಬಂದು, ಡಬ್ಬಿಗೆ ತಾಗದಂತೆ ಎರಡು ಬೆರಳನ್ನು ನೀರಿನಲ್ಲಿ ಅದ್ದಿದಳು. ತಕ್ಕಡಿ 15 ಗ್ರಾಂ ಏರಿತು. ಆಮೇಲೆ ಉಳಿದವರೆಲ್ಲ ಸಾಲುಗಟ್ಟಿದರು.