ಹೆಸರು ಉಳಿಸಿಕೊಂಡ ಹುಳಿಕಿತ್ತಳೆ

ಸ್ಪೇನಿನ ಸೆವಿಲ್ಲೆ ನಗರದ ಬೀದಿಗಳ ಇಕ್ಕೆಲದಲ್ಲೂ ಕಿತ್ತಳೆ ಮರಗಳು. ಚಳಿಗಾಲದಲ್ಲಿ ಮರದ ತುಂಬ ಹಣ್ಣು ಜೋತಾಡಿದರೂ ಊರಿನವರು ಕಿತ್ತು ತಿನ್ನುವುದಿಲ್ಲ. ಒಂದು ತೊಳೆ ಬಾಯಿಗಿಟ್ಟರೆ ಸಾಕು, ಹುಳಿಯ ಬೆನ್ನಿಗೇ ಕಹಿ. ಸಿಪ್ಪೆಯ ಸಮೇತ ಸಕ್ಕರೆಯಲ್ಲಿ ಕುದಿಸಿ ಮಾರ್ಮಲೇಡ್ ಮಾಡುವ ಬ್ರಿಟಿಷರಿಗೆ ಮಾತ್ರ ಇದೇ ಬೇಕು. ಈ ಹಣ್ಣಿನ ಸ್ಪ್ಯಾನಿಷ್ ಹೆಸರು ‘ನರಾಂಹ’. ಸಿಹಿಕಿತ್ತಳೆಗೂ ಅಲ್ಲಿ ಅದೇ ಹೆಸರು. ಹುಳಿಯದನ್ನು ಬೇರೆ ಮಾಡಿ ಹೇಳಬೇಕಾದಾಗ ‘ನರಾಂಹ ಅಮಾರ್ಗ’, ಅಂದರೆ ಕಹಿಕಿತ್ತಳೆ.

ನರಾಂಹದ ಹಿಂದೆ ಅರಬ್ಬಿಯ ‘ನಾರಂಜ್’, ಅದರ ಹಿಂದೆ ಪರ್ಷಿಯನ್ನಿನ ‘ನಾರಂಗ್’, ಅದಕ್ಕೂ ಹಿಂದೆ ಸಂಸ್ಕೃತದ ‘ನಾರಂಗ’. ಸಂಸ್ಕೃತಕ್ಕೆ ಇದು ದ್ರಾವಿಡ ನುಡಿಯಿಂದಲೇ ಹೋಗಿರಬೇಕು ಎನ್ನುವುದು ಹಲವು ಭಾಷಾಶಾಸ್ತ್ರಜ್ಞರ ಅಭಿಪ್ರಾಯ. ತಮಿಳಿನ ‘ನಾರ್ತಂಗಾಯ್’, ಮಲಯಾಳದ ‘ನಾರಂಙ’ ಈ ಬಳಗದವೇ.

711ರಲ್ಲಿ ಮುಸ್ಲಿಂ ಸೇನೆ ಸ್ಪೇನಿಗೆ ಕಾಲಿಟ್ಟ ಮೇಲಿನ ಶತಮಾನಗಳಲ್ಲಿ ಹುಳಿಕಿತ್ತಳೆಯೂ ಅದರ ಅರಬ್ಬಿ ಹೆಸರೂ ಅಲ್ಲಿ ಬೇರುಬಿಟ್ಟವು. ಕಾರ್ಡೋಬಾದ ಹಳೆಯ ಮಸೀದಿಯ ಅಂಗಳಕ್ಕೆ ಇಂದಿಗೂ ‘ಕಿತ್ತಳೆ ಮರಗಳ ಅಂಗಳ’ ಎಂದೇ ಹೆಸರು; ಸಾಲು ಮರಗಳ ಬುಡಕ್ಕೆ ನೀರುಣಿಸಲು ನೆಲದಲ್ಲೇ ಕಾಲುವೆ ಕೊರೆದಿದ್ದಾರೆ. ಹೆಸರು ಮುಂದೆ ಸಾಗಿದಂತೆ ಸವೆಯಿತು. ಇಟಲಿಯಲ್ಲಿ ‘ಅರಾಂಚ’, ಫ್ರಾನ್ಸಿನಲ್ಲಿ ‘ಒರಾಂಜ್’ ಆಗುವಷ್ಟರಲ್ಲಿ ಮೊದಲಿನ ‘ನ’ಕಾರ ಬಿದ್ದುಹೋಗಿತ್ತು. ಇಂಗ್ಲಿಷಿನ ‘ಆರೆಂಜ್’ಗೂ ಅದು ಮರಳಿ ಸಿಗಲಿಲ್ಲ. ಪೋರ್ಚುಗೀಸರು ‘ನ’ ತೆಗೆದು ‘ಲ’ ಹಾಕಿ ‘ಲರಾಂಜ’ ಮಾಡಿಕೊಂಡರು.

ಸಿಹಿಕಿತ್ತಳೆ ಯುರೋಪಿನಲ್ಲಿ ಹರಡಿದ್ದು ಬಹಳ ತಡವಾಗಿ, 15–16ನೇ ಶತಮಾನದ ಹೊತ್ತಿಗೆ. ಈ ವ್ಯಾಪಾರದಲ್ಲಿ ಪೋರ್ಚುಗೀಸರದು ದೊಡ್ಡ ಕೈ. ಹೀಗಾಗಿ ಹಲವೆಡೆ ಹಣ್ಣಿಗೆ ಪೋರ್ಚುಗಲ್ಲಿನ ಹೆಸರೇ ಅಂಟಿತು: ತುರ್ಕಿಯಲ್ಲಿ ‘ಪೋರ್ತಕಾಲ್’, ಗ್ರೀಸಿನಲ್ಲಿ ‘ಪೋರ್ತೊಕಾಲಿ’, ಅರಬ್ಬಿಯಲ್ಲಿ ‘ಬುರ್ತುಕಾಲ್’. ಸ್ಪೇನಿಗೆ ‘ನಾರಂಜ್’ ಕೊಟ್ಟ ಅರಬ್ಬಿಯಲ್ಲೇ ಆ ಮಾತು ಈಗ ಹುಳಿಹಣ್ಣಿಗೆ ಮೀಸಲು. ಹಾಲೆಂಡಿನವರು ಸಿಹಿಯದನ್ನು ‘ಚೀನಾ ಸೇಬು’ ಎಂದರು. ಸ್ಪ್ಯಾನಿಷ್ ಮಾತಾಡುವ ಪೋರ್ಟೊರಿಕೊದಲ್ಲೂ ಅದು ನರಾಂಹ ಅಲ್ಲ, ‘ಚೀನಾ’.

ಬಂದ ಕಡೆಯ ಹೆಸರನ್ನು ಹಣ್ಣಿಗೆ ಕಟ್ಟುವ ಈ ರೂಢಿ ನಮಗೂ ಹೊಸದಲ್ಲ. ಆಫ್ರಿಕಾದ ಮೊಜಾಂಬಿಕ್ ನಮ್ಮ ಜ್ಯೂಸ್ ಅಂಗಡಿಗಳಲ್ಲಿ ‘ಮೂಸಂಬಿ’ ಆಗಿದೆಯಲ್ಲ! ಇತ್ತ ನಾರಂಗದ ಬಳಗವೇ ಇರುವ ದಕ್ಷಿಣದಲ್ಲಿ, ಕೊಡಗಿನ ಹಣ್ಣನ್ನು ನಾವು ಕರೆಯುವುದು ಮಾತ್ರ ‘ಕಿತ್ತಳೆ’ ಎಂದು.