ಕರಾವಳಿಯ ಮೀನಿನ ಅಡುಗೆ: ಹುಳಿ, ಋತು ಮತ್ತು ಹದ

ಕರ್ನಾಟಕದ ಕರಾವಳಿಯಲ್ಲಿ ಮೀನಿನ ಅಡುಗೆಯ ತಿಳಿವಳಿಕೆಯು ಬರಹಕ್ಕಿಂತ ಮಿಗಿಲಾಗಿ ತಾಯಿಯಿಂದ ಮಗಳಿಗೆ, ಅತ್ತೆಯಿಂದ ಸೊಸೆಗೆ ಕೈಕೆಲಸದ ಮೂಲಕವೇ ಹರಿದುಬಂದಿದೆ. ಈ ಪರಂಪರೆಯ ತಿರುಳಿರುವುದು ಮಸಾಲೆಯ ಪಟ್ಟಿಯಲ್ಲಲ್ಲ. ಮೀನು, ಋತು ಹಾಗೂ ಹುಳಿಗಳ ಹೊಂದಾಣಿಕೆಯಲ್ಲಿ.

ಹುಣಸೆ, ಮುರುಗಲು, ಅಂಬಟೆ, ಬಿಂಬುಳಿ, ಮಾವಿನಕಾಯಿ ಇವು ಇಲ್ಲಿನ ಮುಖ್ಯ ಹುಳಿಗಳು. ಮೀನಿನ ನಾತಕ್ಕೆ ಕಾರಣವಾದ ಅಮೈನುಗಳು ಕ್ಷಾರಗುಣದವು. ಹುಳಿಯ ಆಮ್ಲವು ಅವನ್ನು ತಟಸ್ಥಗೊಳಿಸುತ್ತದೆ. ಬಂಗುಡೆ, ತಾರ್ಲೆಗಳಂತಹ ಎಣ್ಣೆಯಂಶ ಅಧಿಕವಾದ ಮೀನುಗಳಿಗೆ ಉತ್ತರ ಕನ್ನಡದಲ್ಲಿ ಜುಮ್ಮನಕಾಯಿಯೂ ಸೇರುತ್ತದೆ. ಬೀಜ ತೆಗೆದ ಇದರ ಒಣಸಿಪ್ಪೆಯನ್ನು ನುಣ್ಣಗೆ ಅರೆಯದೆ, ಜಜ್ಜಿ ಕುದಿಯುವ ಸಾರಿಗೆ ಹಾಕುವುದು ವಾಡಿಕೆ.

ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವ ಜೂನ್ 1ರಿಂದ ಜುಲೈ 31ರವರೆಗಿನ ಮಳೆಗಾಲದಲ್ಲಿ, ಬೇಸಿಗೆಯಲ್ಲಿ ಉಪ್ಪು ಬೆರೆಸಿ ಒಣಗಿಸಿಟ್ಟ ಮೀನು ಮನೆಗೆ ಆಧಾರ. ಅದರಲ್ಲಿ ಮೊದಲೇ ಇರುವ ಉಪ್ಪನ್ನು ಅಂದಾಜಿಸಿಯೇ ಸಾರಿಗೆ ಉಪ್ಪು ಹಾಕಬೇಕು. ಈ ಹದ ಯಾವ ಲಿಖಿತ ಅಳತೆಗೂ ದಕ್ಕದು.

ಅರೆಯುವ ಕಲ್ಲು, ಮಣ್ಣಿನ ಗಡಿಗೆಗಳು ಹಿಂದೆ ಸರಿದು, ಹಿರಿಯರೊಡನೆ ಕೂಡಿ ಅಡುವ ಸಂದರ್ಭಗಳು ವಿರಳವಾದಂತೆ ಮೊದಲು ನಶಿಸುವುದು ಇಂತಹ ಹದದ ಅರಿವೇ. ಪದಾರ್ಥಗಳನ್ನಷ್ಟೇ ಪಟ್ಟಿಮಾಡಿದರೆ ಅಡುಗೆಯ ಹೆಸರು ಉಳಿದೀತು, ಜ್ಞಾನ ಉಳಿಯದು. ಆದುದರಿಂದ ಕ್ಷೇತ್ರಕಾರ್ಯವು ಹಿರಿಯ ಮಹಿಳೆಯರು ಅಡುವಾಗಲೇ ಅವರ ನಿರ್ಧಾರಗಳನ್ನೂ ಅವುಗಳ ಕಾರಣಗಳನ್ನೂ ದಾಖಲಿಸುವುದು ಅಗತ್ಯ.